ಆ ಹತ್ತು ಸಾವಿರಕ್ಕೆ ಸಹಿ ಯಾರದು?



ಪೋಸ್ಟ್ ಉದ್ದ ಇದೆ. ಈಗ ಟೈಮ್ ಇಲ್ಲ ಅಂದ್ರೆ ಸೇವ್ ಮಾಡ್ಕೊಂಡು ರಾತ್ರಿ ಓದಿ. ಓದದೇ ಲೈಕ್ ಒತ್ತಿ ಮುಂದೆ ಹೋಗಬೇಡಿ. ಯಾಕಂದ್ರೆ ಇದರಲ್ಲಿ ಬೈಗುಳ ಸರ್ಕಾರಕ್ಕೆ ಮಾತ್ರ ಇಲ್ಲ, ನಮಗೂ ಇದೆ. ಮೊದಲು ನನಗಿದೆ.

2017ರಲ್ಲಿ ನಾನು ಬೆಂಗಳೂರಿನ ಒಂದು ಧರಣಿಯಲ್ಲಿ ಮೈಕ್ ಹಿಡಿದು ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ 7(ಡಿ) ಬಗ್ಗೆ ಮಾತಾಡಿದ್ದೆ. ನಮ್ಮ ಪಾಲಿನ ಸಾವಿರಾರು ಕೋಟಿಯನ್ನು ರಸ್ತೆಗೆ, ಫ್ಲೈಓವರಿಗೆ ತಿರುಗಿಸ್ತಾರೆ ಅಂತ ಗಂಟಲು ಕಿತ್ತುಹೋಗೋ ಹಾಗೆ ಕೂಗಿದ್ದೆ. ಚಪ್ಪಾಳೆ ಬಿತ್ತು. ಅದೇ ವಾರ ನಮ್ಮೂರಲ್ಲಿ ಒಬ್ಬರು ಒಂದು ರಿಜಿಸ್ಟರ್ ಹಿಡ್ಕೊಂಡು ನಮ್ಮ ಎ.ಕೆ. ಕಾಲೋನಿಗೆ ಬಂದು ನಮ್ಮವ್ವನ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗಿದ್ರು. ಏನಿದು ಅಂತ ಅವ್ವ ಕೇಳಿದ್ದಕ್ಕೆ "ಮೀಟಿಂಗ್ ಆಯ್ತು ಕಣಮ್ಮಿ, ಒತ್ತು" ಅಂದ್ರಂತೆ. ಯಾವ ಮೀಟಿಂಗು, ಎಲ್ಲಿ ನಡೀತು, ಅವ್ವನಿಗೆ ಗೊತ್ತಿಲ್ಲ. ಊರಿನ ಆರೋಗ್ಯ ಸಮಿತಿಗೆ ತಾನು ಮೆಂಬರ್ ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ರಾಜ್ಯದ ಬಜೆಟ್ಟೆಲ್ಲ ನಾಲಿಗೆ ತುದಿಯಲ್ಲಿಟ್ಟುಕೊಂಡಿದ್ದ ಅವಳ ಮಗನಿಗೂ ಗೊತ್ತಿರಲಿಲ್ಲ.

ನಮ್ಮೂರು ಬಯಲುಸೀಮೆಯ ಒಂದು ಹಳ್ಳಿ. ಹೆಸರು ಬರೆಯಲ್ಲ. ಬರೆದರೆ ನಾಳೆ ಬೆಳಿಗ್ಗೆ ಫೋನ್ ಬರೋದು ನನಗಲ್ಲ, ಆಶಾ ಕೆಲಸ ಮಾಡೋ ನಮ್ಮ ಅಕ್ಕನಿಗೆ.

ಇದನ್ನು ಓದ್ತಿರೋ ಎಷ್ಟು ಜನಕ್ಕೆ "ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ" ಅಂತ ಒಂದಿದೆ ಅನ್ನೋದು ಗೊತ್ತು? ಕೈ ಎತ್ತಿ ನೋಡೋಣ. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಹುಟ್ಟಿದ ಸಮಿತಿ ಇದು. ಪ್ರತಿ ಊರಿಗೂ ಒಂದು. ಊರಿನ ಆರೋಗ್ಯಕ್ಕೆ ಏನು ಬೇಕು ಅಂತ ಊರಿನವರೇ ಕೂತು ತೀರ್ಮಾನ ಮಾಡಬೇಕು ಅನ್ನೋದು ಇದರ ಉದ್ದೇಶ. ಅದಕ್ಕಾಗಿ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ತನಕ ನೇರವಾಗಿ ಸಮಿತಿಯ ಬ್ಯಾಂಕ್ ಖಾತೆಗೆ. ಅದರ ಹೆಸರು ಅನ್‌ಟೈಡ್ ಫಂಡ್. ಅಂದ್ರೆ ಕಟ್ಟಿಹಾಕದ ದುಡ್ಡು. ಇಂಥದ್ದಕ್ಕೇ ಖರ್ಚು ಮಾಡಿ ಅಂತ ಮೇಲಿಂದ ಯಾರೂ ಹೇಳೋ ಹಾಗಿಲ್ಲ.

2013ರ ಕೇಂದ್ರದ ಮಾರ್ಗಸೂಚಿ ತೆಗೆದು ಓದಿ. ಕನಿಷ್ಠ 15 ಜನ ಸದಸ್ಯರು. ಅರ್ಧದಷ್ಟಾದರೂ ಹೆಣ್ಣುಮಕ್ಕಳು. ಪ್ರತಿ ಕೇರಿಗೂ, ಹಟ್ಟಿಗೂ ಪ್ರಾತಿನಿಧ್ಯ. ಅಧ್ಯಕ್ಷರು ಅದೇ ಊರಿನ ಪಂಚಾಯಿತಿ ಸದಸ್ಯರು, ಅದರಲ್ಲೂ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದ್ಯತೆ. ಊರಿನ ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ತಿಂಗಳಿಗೊಂದು ಸಭೆ. ಇದನ್ನು ಬರೆದವರು ಯಾರೋ ಪುಣ್ಯಾತ್ಮರು, ನಮ್ಮನ್ನು ನೆನಪಲ್ಲಿಟ್ಟುಕೊಂಡೇ ಬರೆದಿದ್ದಾರೆ.

ಆದರೆ ಬರೆದದ್ದು ಬೇರೆ, ನಡೆಯೋದು ಬೇರೆ. ಇದು ನಮಗೆ ಹೊಸದೇನಲ್ಲ. 1923ರಲ್ಲೇ ಬೊಂಬಾಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ-ಬಾವಿ ಎಲ್ಲರಿಗೂ ಅಂತ ನಿರ್ಣಯ ಮಾಡಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಒಪ್ಪಿಕೊಂಡಿತ್ತು. ಕಾಗದದ ಮೇಲೆ ಚವದಾರ್ ಕೆರೆ ನಮ್ಮದೂ ಆಗಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ನೀರು ಮುಟ್ಟಬೇಕಾಯಿತು. ಆ ಸಮಿತಿಯ ಪಾಸ್‌ಬುಕ್ ಇವತ್ತು ನಮ್ಮೂರುಗಳ ಚವದಾರ್ ಕೆರೆ. ನಿರ್ಣಯ ಆಗಿದೆ. ನಾವಿನ್ನೂ ನಡೆದು ಹೋಗಿಲ್ಲ.

ಈಗ 2017ಕ್ಕೇ ವಾಪಸ್ ಬರ್ತೀನಿ. ಇದನ್ನು ಬರೆಯೋದು ಕಷ್ಟ.

ಆ ವರ್ಷ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಸೊಸೆಗೆ ರಾತ್ರಿ ಒಂದೂವರೆಗೆ ನೋವು ಕಾಣಿಸ್ಕೊಂಡಿತು. ಆಂಬುಲೆನ್ಸಿಗೆ ಫೋನ್ ಮಾಡಿದ್ವಿ. ಗಾಡಿ ಬೇರೆ ಕೇಸಿಗೆ ಹೋಗಿದೆ, ಒಂದು ಗಂಟೆ ಆಗುತ್ತೆ ಅಂದ್ರು. ಊರಲ್ಲಿ ಆಟೋ ಇದ್ದದ್ದು ಒಂದೇ. ಎಬ್ಬಿಸಿದ್ದಕ್ಕೆ ಅವನು 800 ರೂಪಾಯಿ, ಕೈಗೆ ಕೊಟ್ಟರೆ ಮಾತ್ರ ಬರ್ತೀನಿ ಅಂದ. ಚಿಕ್ಕಪ್ಪನ ಮನೇಲಿ 150 ಇತ್ತು. ಅಕ್ಕ ಆ ಕತ್ತಲಲ್ಲಿ ಒಂದೊಂದೇ ಮನೆ ಬಾಗಿಲು ತಟ್ಟಿ, ಐವತ್ತು ನೂರು ಕೂಡಿಸಿ, 800 ಮಾಡೋ ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು. ಆಸ್ಪತ್ರೆ ಮುಟ್ಟಿದರು. ತಾಯಿ ಉಳಿದಳು. ಮಗು ಉಳೀಲಿಲ್ಲ.

ಬೇಗ ಹೋಗಿದ್ದರೆ ಮಗು ಉಳೀತಿತ್ತು ಅಂತ ನಾನು ಹೇಳಲ್ಲ. ನಾನು ಡಾಕ್ಟರಲ್ಲ. ಆದರೆ ಆ ನಲವತ್ತು ನಿಮಿಷ ನಮ್ಮ ಕಾಲೋನಿಯ ಲೆಕ್ಕದಿಂದ ಯಾರು ಕಿತ್ತುಕೊಂಡರು ಅನ್ನೋ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಮರುವರ್ಷ ಆರ್‌ಟಿಐ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಮೂರು ವರ್ಷದ ಖರ್ಚಿನ ಪಟ್ಟಿ ಕೈಗೆ ಬಂತು. ಬ್ಲೀಚಿಂಗ್ ಪೌಡರ್. ಫಿನಾಯಿಲ್. ಗೋಡೆ ಬರಹ. ಬ್ಯಾನರ್. ಸಭೆಯ ಕಾಫಿ-ತಿಂಡಿ. ಮತ್ತೆ ಬ್ಲೀಚಿಂಗ್ ಪೌಡರ್. ಆ ಮಗು ಹೋದ ವರ್ಷ 12 ಪ್ಲಾಸ್ಟಿಕ್ ಕುರ್ಚಿ ತಗೊಂಡಿದ್ರು. ಪ್ರತಿ ಖರ್ಚಿನ ಮುಂದೆ "ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತಿದೆ. ಕೆಳಗೆ ಸಾಲಾಗಿ ಸಹಿಗಳು. ಕೊನೆಯಲ್ಲಿ ನಮ್ಮವ್ವನ ಹೆಬ್ಬೆಟ್ಟು.

ಆ ಕುರ್ಚಿಗಳನ್ನು ನಾನು ನೋಡಿದ್ದೀನಿ. ನಮ್ಮ ಕಾಲೋನಿ ಹೆಂಗಸರು ಮಗೂಗೆ ಚುಚ್ಚುಮದ್ದು ಹಾಕಿಸೋಕೆ ಹೋದಾಗ ಅವುಗಳ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿರ್ತಾರೆ.

ಕಾರ್ಯದರ್ಶಿ ಅಕ್ಕನೇ ತಾನೆ, ಅವಳೇನು ಮಾಡ್ತಿದ್ದಳು ಅಂತ ಕೇಳ್ತೀರಿ. ನಾನೂ ಕೋಪದಲ್ಲಿ ಹೋಗಿ ಕೇಳಿದೆ. ಅವಳು ಒಂದು ಮಾತು ಹೇಳಿದಳು. "ಚೆಕ್ ಬುಕ್ಕು ಅಧ್ಯಕ್ಷೆಯ ಗಂಡನ ಮನೆ ಬೀರುವಿನಲ್ಲಿರುತ್ತೆ ಕಣೋ. ನನ್ನ ಸಹಿ ಹತ್ತು ಹಾಳೆಗೆ ಮೊದಲೇ ಹಾಕಿಸ್ಕೊಂಡವ್ರೆ. ಆ ಮನೆ ಪಡಸಾಲೆ ತನಕ ನಾನು ಹೋಗಿಲ್ಲ, ಬೀರು ಎಲ್ಲಿಂದ ನೋಡ್ಲಿ?"

ಇದಕ್ಕಿಂತ ಸ್ಪಷ್ಟವಾಗಿ ಯಾವ ಸಂಶೋಧಕನೂ ಬರೆಯೋಕಾಗಲ್ಲ. ಮಾರ್ಗಸೂಚಿ ಅಕ್ಕನಿಗೆ ಅಧಿಕಾರ ಕೊಟ್ಟಿದೆ. ಆ ಅಧಿಕಾರ ಇಟ್ಟಿರೋ ಬೀರು ಅವಳು ಕಾಲಿಡಬಾರದ ಮನೆಯಲ್ಲಿದೆ. ಜಾತಿ ಎಲ್ಲಿದೆ ಅಂತ ಕೇಳೋರಿಗೆ ಹೇಳ್ತಿದೀನಿ, ಹೊಸ್ತಿಲಿಂದ ಆ ಬೀರುವಿನ ತನಕ ಇರೋ ಆ ಹತ್ತು ಹೆಜ್ಜೆಯಲ್ಲಿದೆ.

2020ರ ಡಿಸೆಂಬರಿನ ಪಂಚಾಯಿತಿ ಚುನಾವಣೆಯಲ್ಲಿ ಮೀಸಲು ಸೀಟಿನಿಂದ ನಮ್ಮ ಕಾಲೋನಿಯ ಹೆಣ್ಣುಮಗಳೊಬ್ಬಳು ಗೆದ್ದಳು. ಈ ಸಲ ನಾವು ಸುಮ್ಮನಿರಲಿಲ್ಲ. ಮಾರ್ಗಸೂಚಿಯ ಪ್ರಿಂಟ್ ಹಿಡಿದು ಪಂಚಾಯಿತಿಗೂ ಆಸ್ಪತ್ರೆಗೂ ಆರು ತಿಂಗಳು ಅಲೆದ್ವಿ. ಕೊನೆಗೆ ಸಮಿತಿ ಮತ್ತೆ ರಚನೆ ಆಯ್ತು. ಅವಳು ಅಧ್ಯಕ್ಷೆ, ಅಕ್ಕ ಕಾರ್ಯದರ್ಶಿ, ಚೆಕ್ ಬುಕ್ಕು ಅಕ್ಕನ ಮನೆ ಟ್ರಂಕಿನಲ್ಲಿ. ಸಭೆ ನಮ್ಮ ಅಂಬೇಡ್ಕರ್ ಭವನದ ಜಗಲಿ ಮೇಲೆ. ಊರೊಳಗಿನ ಸದಸ್ಯರು ಮೊದಲ ಎರಡು ಸಭೆಗೆ ಬರಲಿಲ್ಲ. ಮೂರನೆಯದಕ್ಕೆ ಇಬ್ಬರು ಬಂದು ನಿಂತುಕೊಂಡೇ ಮಾತಾಡಿದರು. ಐದನೆಯದಕ್ಕೆ ಕೂತರು.

ಆ ವರ್ಷದ ಹತ್ತು ಸಾವಿರ ಹೀಗೆ ಖರ್ಚಾಯ್ತು:

ರಾತ್ರಿ ಗಾಡಿ ದುಡ್ಡು ಅಂತ ಒಂದು ಡಬ್ಬಿಗೆ 3,000.
ಕಾಲೋನಿಯ ನಲ್ಲಿ ಸುತ್ತ ನಿಲ್ತಿದ್ದ ಕೊಚ್ಚೆ ನೀರು ಹರಿದುಹೋಗೋಕೆ ಪೈಪು, ಸಿಮೆಂಟು 2,800. ಕೂಲಿ ಇಲ್ಲ, ಹುಡುಗರೇ ಮಾಡಿದರು.
ಬಿಪಿ ನೋಡೋ ಮಿಷನ್ 1,600. ಅದು ಅಕ್ಕನ ಹತ್ತಿರ ಇರುತ್ತೆ, ಕೂಲಿಯಿಂದ ಬಂದವರು ಸಂಜೆ ಹೋಗಿ ನೋಡಿಸ್ಕೋತಾರೆ.
ಟಿಬಿ ಮಾತ್ರೆ ತಗೊಳ್ತಿದ್ದ ಇಬ್ಬರಿಗೆ, ಸರ್ಕಾರದ ಪೋಷಣೆ ದುಡ್ಡು ಬರೋ ತನಕ, ಮೊಟ್ಟೆ ಮತ್ತು ಕಡಲೆಬೀಜಕ್ಕೆ 1,700.
ಮೂರು ಬೋರಿನ ನೀರು ಪರೀಕ್ಷೆಗೆ, ಹೋಗಿಬರೋ ಖರ್ಚು ಸೇರಿ 900.

ನೀರಿನ ವಿಷಯ ಒಂದು ಮಾತು. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿನೇ ಇಲ್ಲ ಅಂದ್ರೆ 1.5ರ ತನಕ ಒಪ್ಪಬಹುದು ಅಂತ ನಿಯಮ. ನಮ್ಮ ಕಾಲೋನಿ ಬೋರು ಅದನ್ನು ಮೀರಿತ್ತು. ಮಕ್ಕಳ ಹಲ್ಲು ಯಾಕೆ ಹಳದಿ, ಐವತ್ತಕ್ಕೇ ಸೊಂಟ ಯಾಕೆ ಬಾಗುತ್ತೆ ಅನ್ನೋ ಪ್ರಶ್ನೆಗೆ ಮೊದಲ ಸಲ ಒಂದು ಕಾಗದ ನಮ್ಮ ಕೈಲಿತ್ತು. ಆ ಕಾಗದ ಹಿಡ್ಕೊಂಡೇ ಶುದ್ಧ ನೀರಿನ ಘಟಕ ಊರ ದೇವಸ್ಥಾನದ ಮುಂದೆ ಮಾತ್ರ ಯಾಕೆ ಅಂತ ಗ್ರಾಮಸಭೆಯಲ್ಲಿ ಕೇಳಿದ್ವಿ. 900 ರೂಪಾಯಿ ನಮಗೆ ಕೊಟ್ಟದ್ದು ಇದು. ಬೇಡೋ ಬಾಯಿಗೆ ಪುರಾವೆ ಕೊಟ್ಟಿತು.

ಇನ್ನು ಡಬ್ಬಿ ದುಡ್ಡು. ಇದು ನಮ್ಮ ತಲೆಯಿಂದ ಬಂದದ್ದಲ್ಲ. ಮನೆಗಳು ಕಷ್ಟಕಾಲದಲ್ಲಿ ತಗೊಂಡು ಕಂತಿನಲ್ಲಿ ವಾಪಸ್ ಕಟ್ಟೋ ಸುತ್ತುನಿಧಿಯಾಗಿ ಈ ಹಣ ಬಳಸಬಹುದು ಅಂತ ಅಭಿಯಾನದ ಮೊದಲ ಮಾರ್ಗಸೂಚಿಯಲ್ಲೇ ಇತ್ತು. ಆ ವರ್ಷ 11 ಸಲ ಡಬ್ಬಿ ತೆಗೆದರು. ಐದು ಹೆರಿಗೆ, ಎರಡು ಹಾವು, ಒಂದು ಎದೆನೋವು, ಉಳಿದದ್ದು ಮಕ್ಕಳ ಜ್ವರ, ವಾಂತಿ-ಭೇದಿ. ಒಂಬತ್ತು ಮನೆಯವರು ಪೂರ್ತಿ ವಾಪಸ್ ಕಟ್ಟಿದರು. ಇಬ್ಬರ ಕೈಲಿ ಆಗಲಿಲ್ಲ, ಒಬ್ಬರದು 500, ಇನ್ನೊಬ್ಬರದು 350. ಸಮಿತಿ ಕೂತು ಮನ್ನಾ ಮಾಡಿತು. ವರ್ಷದ ಕೊನೆಗೆ ಡಬ್ಬಿಯಲ್ಲಿ 2,150 ಇತ್ತು. ಆ ಹನ್ನೊಂದು ರಾತ್ರಿಯಲ್ಲಿ ಯಾರೂ ಮನೆ ಮನೆ ಬಾಗಿಲು ತಟ್ಟಲಿಲ್ಲ.

ಆಮೇಲೆ ಆಡಿಟ್ ಬಂತು.

ಕುರ್ಚಿ ತಗೊಂಡ ವರ್ಷದ ಲೆಕ್ಕ ಸರಿ ಇದೆ ಅಂದ್ರು. ಅಂಗಡಿ ಬಿಲ್ ಇತ್ತಲ್ಲ. ಬ್ಲೀಚಿಂಗ್ ಪೌಡರಿಗೂ ಬಿಲ್ ಇತ್ತು. ನಮ್ಮ 3,000ಕ್ಕೆ ಬಿಲ್ ಎಲ್ಲಿ ಅಂದ್ರು. ರಾತ್ರಿ ಎರಡು ಗಂಟೆಗೆ ಬಸುರಿ ಹೆಂಗಸನ್ನು ಕರ್ಕೊಂಡು ಹೋದ ಆಟೋದವನು ಯಾವ ದೇಶದಲ್ಲಿ ಬಿಲ್ ಹರಿದು ಕೊಡ್ತಾನೆ? ನಮ್ಮ ರಿಜಿಸ್ಟರಿನಲ್ಲಿ ತಾರೀಖು, ಹೆಸರು, ಆಟೋದವನ ಸಹಿ, ವಾಪಸ್ ಕಟ್ಟಿದ ಕಂತು ಎಲ್ಲ ಇತ್ತು. ಅದು ವೋಚರ್ ಅಲ್ಲವಂತೆ. ಆ 3,000ವನ್ನು ಅಕ್ಕನ ಪ್ರೋತ್ಸಾಹಧನದಲ್ಲಿ ಹಿಡಿಯಿರಿ ಅಂತ ಬರೆದರು. ಡಬ್ಬಿಯಲ್ಲಿ 2,150 ಇದೆ ಸಾರ್, ಎಣಿಸಿಕೊಳ್ಳಿ ಅಂತ ಅಕ್ಕ ಮೇಜಿನ ಮೇಲೆ ಸುರಿದಳಂತೆ. ಅದನ್ನು ಮುಟ್ಟಿಯೂ ನೋಡಲಿಲ್ಲ.

ಎಂಟು ತಿಂಗಳು ಓಡಾಡಿ ಆ ವಸೂಲಿ ನಿಲ್ಲಿಸಿದ್ವಿ. ಆದರೆ ಆ ಎಂಟು ತಿಂಗಳಲ್ಲಿ ಅಕ್ಕ ಡಬ್ಬಿ ತೆಗೆಯೋದು ನಿಲ್ಲಿಸಿದಳು. ಮುಂದಿನ ವರ್ಷದ ಖರ್ಚಿನ ಪಟ್ಟಿ ನೋಡಿ: ಬ್ಲೀಚಿಂಗ್ ಪೌಡರ್, ಫಿನಾಯಿಲ್, ಬ್ಯಾನರ್. ನಮ್ಮವಳೇ ಅಧ್ಯಕ್ಷೆ, ನಮ್ಮವಳೇ ಕಾರ್ಯದರ್ಶಿ, ಆದರೂ ಬ್ಲೀಚಿಂಗ್ ಪೌಡರ್. ಯಾಕಂದ್ರೆ ಪೌಡರಿಗೆ ಬಿಲ್ ಸಿಗುತ್ತೆ. ಕಟ್ಟಿಲ್ಲದ ದುಡ್ಡನ್ನು ಬಿಲ್ಲಿನ ಹಗ್ಗದಲ್ಲಿ ಹೀಗೆ ಕಟ್ಟಿಹಾಕ್ತಾರೆ. ಮೊದಲು ಬೀರು ಬಾಗಿಲು ಹಾಕಿತ್ತು, ಬೀರು ಮುರಿದ ಮೇಲೆ ವೋಚರ್ ಬಾಗಿಲು ಹಾಕಿತು.

ದುಡ್ಡು ಇಲ್ಲ ಅಂತಾರಲ್ಲ, ಅದಕ್ಕೂ ಲೆಕ್ಕ ಹೇಳ್ತೀನಿ. ಈ ಹತ್ತು ಸಾವಿರ 1,500 ಜನಸಂಖ್ಯೆಯ ಊರಿಗೆ ಅಂತ ಇಟ್ಟ ದರ. ತಲೆಗೆ ವರ್ಷಕ್ಕೆ 6 ರೂಪಾಯಿ 67 ಪೈಸೆ. ಇಡೀ ಊರಿಗೆ ದಿನಕ್ಕೆ 27 ರೂಪಾಯಿ. 2005ರಲ್ಲಿ ಇಟ್ಟ ದರ ಅದು. ಆಮೇಲೆ ಸಾಮಾನಿನ ಬೆಲೆ ಮೂರು ಪಟ್ಟು ದಾಟಿದೆ, ಈ ದರ ಕೂತಲ್ಲೇ ಕೂತಿದೆ. ಇನ್ನೊಂದು ಕಡೆ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ ಅಂತಲೇ 70,051 ಕೋಟಿ ಶಿಫಾರಸು ಮಾಡಿತು. ಸಂವಿಧಾನದ 11ನೇ ಅನುಸೂಚಿಯಲ್ಲಿ ಆರೋಗ್ಯ, ನೈರ್ಮಲ್ಯ, ಕುಡಿಯೋ ನೀರು ಎಲ್ಲ ಪಂಚಾಯಿತಿಯ ವಿಷಯ. ಕಟ್ಟಡಕ್ಕೆ, ಉಪಕರಣಕ್ಕೆ ಕೋಟಿ ಇದೆ. ಜನ ಕೂತು ತೀರ್ಮಾನ ಮಾಡೋ ದುಡ್ಡಿಗೆ ಮಾತ್ರ ತಲೆಗೆ ಆರೂ ಮುಕ್ಕಾಲು ರೂಪಾಯಿ. ಅದಕ್ಕೂ ನೂರೆಂಟು ಕಣ್ಣು.

ಸರ್ಕಾರದ ಕತೆ ಆಯ್ತು. ಈಗ ದಾನಿಗಳ ಕತೆ.

ಕೋವಿಡ್ ಎರಡನೇ ಅಲೆ ಆದ ಮೇಲೆ ನಮ್ಮ ಹೆಣ್ಣುಮಕ್ಕಳ ಸಂಘ ಒಂದು ಸಂಸ್ಥೆಗೆ ಅರ್ಜಿ ಹಾಕಿತು. ಐವತ್ತು ಸಾವಿರ ಕೇಳಿದ್ವಿ, ಐದು ಕಾಲೋನಿಗೆ ಐದು ಗಾಡಿ ಡಬ್ಬಿ, ನೀರು ಪರೀಕ್ಷೆ, ಬಿಪಿ-ಶುಗರ್ ಮಿಷನ್. "ಸಮುದಾಯವೇ ಮುನ್ನಡೆಸುವ ಆರೋಗ್ಯ" ಅಂತ ಅವರ ಪ್ರಕಟಣೆಯಲ್ಲೇ ಇತ್ತು. ಆಮೇಲೆ ಕೇಳಿದ್ದು ಏನು ಗೊತ್ತಾ? 12ಎ ಇದೆಯಾ, 80ಜಿ ಇದೆಯಾ, ಮೂರು ವರ್ಷದ ಆಡಿಟ್ ರಿಪೋರ್ಟ್ ಇದೆಯಾ, ಇಂಗ್ಲಿಷಿನಲ್ಲಿ ಪ್ರೊಪೋಸಲ್ ಬರೆಯೋರು ಇದ್ದಾರಾ. ಆ ಕಾಗದ ಎಲ್ಲ ಮಾಡಿಸೋಕೆ ಆಡಿಟರ್ ಕೇಳಿದ ಫೀಸು ನಾವು ಕೇಳಿದ ಅನುದಾನದ ಅರ್ಧ. ಕೊನೆಗೆ ಆ ದುಡ್ಡು ಪಟ್ಟಣದ ಒಂದು ಸಂಸ್ಥೆಗೆ ಹೋಯ್ತು. ಅವರು ಬಂದು ಒಂದು ಕ್ಯಾಂಪ್ ಮಾಡಿದರು. ನಮ್ಮ ಅಕ್ಕನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ವರದಿಯ ಮುಖಪುಟದಲ್ಲಿ ಅಕ್ಕನ ನಗು ಇದೆ. ಒಳಗಿನ ಬಜೆಟ್ಟಿನಲ್ಲಿ ಅವಳ ಹೆಸರಿಲ್ಲ.

ಇದು ಒಂದು ಸಂಸ್ಥೆಯ ತಪ್ಪಲ್ಲ, ವ್ಯವಸ್ಥೆಯನ್ನೇ ಹಾಗೆ ಕಟ್ಟಿದ್ದಾರೆ. 2020ರ ಸೆಪ್ಟೆಂಬರಿನಲ್ಲಿ ಎಫ್‌ಸಿಆರ್‌ಎ ಕಾಯ್ದೆಗೆ ತಿದ್ದುಪಡಿ ತಂದರು. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸೋ ಹಾಗೇ ಇಲ್ಲ ಅಂದ್ರು. ದೊಡ್ಡ ಸಂಸ್ಥೆಗಳ ಮೂಲಕ ಹಳ್ಳಿಯ ಸಣ್ಣ ಸಂಘಗಳಿಗೆ ಬರ್ತಿದ್ದ ಸಣ್ಣ ಅನುದಾನದ ಕಾಲುವೆ ಒಂದೇ ಏಟಿಗೆ ಬತ್ತಿತು. ಕಂಪನಿಗಳ ಸಿಎಸ್‌ಆರ್ ದುಡ್ಡು ಇದೆಯಲ್ಲ ಅಂದ್ರೆ, 2021ರ ಏಪ್ರಿಲ್‌ನಿಂದ ಅದಕ್ಕೂ ಸಿಎಸ್‌ಆರ್-1 ನೋಂದಣಿ ಬೇಕು. ಅದಕ್ಕೆ 12ಎ, 80ಜಿ ಬೇಕು. ದೇಶಭದ್ರತೆ ಅಂತಾರೆ, ಪಾರದರ್ಶಕತೆ ಅಂತಾರೆ. ಫಲ ಏನು? ಆಫೀಸು, ಆಡಿಟರು, ಇಂಗ್ಲಿಷು ಇದ್ದವರ ಹತ್ತಿರ ದುಡ್ಡು ನಿಂತಿತು. ಅವು ಮೂರೂ ಈ ದೇಶದಲ್ಲಿ ಯಾವ ಜಾತಿಯವರ ಹತ್ತಿರ ಇವೆ ಅಂತ ನಾನು ಬಿಡಿಸಿ ಹೇಳಬೇಕಾ?

"ಓದುಬರಹ ಬಾರದ ಹೆಂಗಸರ ಕೈಗೆ ದುಡ್ಡು, ಆರೋಗ್ಯ ಕೊಟ್ಟರೆ ಆಗುತ್ತಾ" ಅನ್ನೋರಿಗೆ ಒಂದು ಊರಿನ ಹೆಸರು ಹೇಳ್ತೀನಿ. ಮಹಾರಾಷ್ಟ್ರದ ಜಾಮಖೇಡ್. 1970ರಲ್ಲಿ ಡಾಕ್ಟರ್ ದಂಪತಿ ರಜನಿಕಾಂತ್ ಮತ್ತು ಮೇಬಲ್ ಆರೋಳೆ ಅಲ್ಲಿ ಕೆಲಸ ಶುರು ಮಾಡಿದರು. ಊರಿನ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದರು. ಅವರಲ್ಲಿ ಎಷ್ಟೋ ಜನ ದಲಿತ ಹೆಂಗಸರು, ಎಷ್ಟೋ ಜನ ಅಕ್ಷರ ಕಲಿಯದವರು. ಹೆರಿಗೆ ಮಾಡಿಸಿದರು, ಮಕ್ಕಳನ್ನು ಉಳಿಸಿದರು. ಪ್ರಪಂಚದ ಡಾಕ್ಟರುಗಳು ಇವತ್ತಿಗೂ ಅಲ್ಲಿಗೆ ಕಲಿಯೋಕೆ ಬರ್ತಾರೆ. ಆ ಹೆಂಗಸರಿಗೆ ಕೆಲಸ ಬಂದದ್ದು ಸರ್ಟಿಫಿಕೇಟಿನಿಂದ ಅಲ್ಲ, ಯಾರೋ ಅವರನ್ನು ನಂಬಿದ್ದರಿಂದ.

ಇನ್ನು ತಿನ್ನೋ ವಿಷಯ. "ಅವರ ಕೈಗೆ ದುಡ್ಡು ಕೊಟ್ಟರೆ ತಿಂದುಬಿಡ್ತಾರೆ." 850 ರೂಪಾಯಿ ವಾಪಸ್ ಬರಲಿಲ್ಲ ಅಂತ ನಾನೇ ಮೇಲೆ ಬರೆದಿದ್ದೀನಿ, ಮುಚ್ಚಿಟ್ಟಿಲ್ಲ. ಸಭೆಯೇ ನಡೆಯದೇ ಕಾಫಿ-ತಿಂಡಿ ಬಿಲ್ ಹಾಕಿದವರು ತಮ್ಮ ಲೆಕ್ಕ ಇಷ್ಟು ಬಿಡಿಸಿ ಬರೀಲಿ ನೋಡೋಣ.

ಈಗ ನಮ್ಮ ಸರದಿ. ಸಂಘಟನೆಯವರು ಸ್ವಲ್ಪ ಗಟ್ಟಿ ಮನಸ್ಸು ಮಾಡಿ ಓದಿ.

2007ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಆರೋಗ್ಯ ಸೇವೆಯ ಸಮುದಾಯ ನಿಗಾವಣೆ ಅಂತ ಒಂದು ಪ್ರಯೋಗ ನಡೀತು. ಜನರೇ ತಮ್ಮ ಆಸ್ಪತ್ರೆಗೆ ಅಂಕ ಕೊಡೋದು, ಎಲ್ಲರ ಮುಂದೆ ಜನಸುನವಾಯಿಯಲ್ಲಿ ಪ್ರಶ್ನೆ ಕೇಳೋದು. ಕರ್ನಾಟಕವೂ ಅದರಲ್ಲಿತ್ತು. ಮಹಾರಾಷ್ಟ್ರದ ಸಂಘಟನೆಗಳು ಅದನ್ನು ವರ್ಷಗಟ್ಟಲೆ ಹಿಡಿದು ನಡೆಸಿದವು. ನಮ್ಮಲ್ಲಿ ಎಷ್ಟು ಜನ ನಾಯಕರಿಗೆ ಅದು ನಡೆದದ್ದಾದರೂ ನೆನಪಿದೆ? ಭೂಮಿ ಹೋರಾಟ ನಮಗೆ ಗೊತ್ತು. ಮೀಸಲಾತಿ ಗೊತ್ತು. ದೌರ್ಜನ್ಯ ಕಾಯ್ದೆ ಸೆಕ್ಷನ್ ಸಮೇತ ಗೊತ್ತು. 7(ಡಿ) ತೆಗೆಸಿದ್ವಿ 2023ರಲ್ಲಿ, ಹೆಮ್ಮೆ ಇದೆ. ಆದರೆ ಊರಿನ ಆರೋಗ್ಯ ಸಮಿತಿ ಅಂದ್ರೆ ನಮ್ಮ ಮುಖ ಹೇಗಾಗುತ್ತೆ? "ಅದು ಹೆಂಗಸರ ಕೆಲಸ ಬಿಡಿ, ಹತ್ತು ಸಾವಿರದಲ್ಲಿ ಏನಾಗುತ್ತೆ." ನಾನೂ ಹಾಗೇ ಅಂದವನು. ನಮ್ಮವ್ವನ ಹೆಬ್ಬೆಟ್ಟನ್ನು ಊರಿನ ಗೌಡರು ಎಷ್ಟು ಹಗುರವಾಗಿ ತಗೊಂಡರೋ, ಆ ಸಮಿತಿಯನ್ನು ನಾನೂ ಅಷ್ಟೇ ಹಗುರವಾಗಿ ತಗೊಂಡಿದ್ದೆ. ನೋವು ಬಂದ ರಾತ್ರಿ 800 ರೂಪಾಯಿ ಕೂಡಿಸಿದ್ದು ಅಕ್ಕ. ನಾನು ಬೆಂಗಳೂರಿನಲ್ಲಿದ್ದೆ, ಇನ್ನೊಂದು ಸಭೆಗೆ.

ಕರ್ನಾಟಕದಲ್ಲಿ ಸುಮಾರು 42 ಸಾವಿರ ಆಶಾ ಅಕ್ಕಂದಿರಿದ್ದಾರೆ. 2025ರ ಜನವರಿಯಲ್ಲಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ ಕನಿಷ್ಠ ಹತ್ತು ಸಾವಿರದ ಭರವಸೆ ಪಡೆದರು. ಅವರು ಕೇಳಿದ್ದು ಹದಿನೈದು ಸಾವಿರ. ನಮ್ಮ ಎಷ್ಟು ಸಂಘಟನೆಗಳು ತಮ್ಮ ಬಾವುಟ ಹಿಡಿದು ಅಲ್ಲಿಗೆ ಹೋದವು? ನಮ್ಮ ಕಾಲೋನಿಗಳ ಆರೋಗ್ಯ ಇರೋದು ಅವರ ಚಪ್ಪಲಿ ಸವೆತದಲ್ಲಿ.

ಕೆಲವು ಎಡಪಂಥೀಯ ಗೆಳೆಯರು ಹೇಳ್ತಾರೆ, ಸಣ್ಣ ಅನುದಾನ ಅನ್ನೋದೇ ಒಂದು ಮೋಸ, ಸರ್ಕಾರ ಡಾಕ್ಟರ್ ಹಾಕೋದು ಬಿಟ್ಟು ಜನರ ಕೈಗೆ ಚಿಲ್ಲರೆ ಕೊಟ್ಟು ಜವಾಬ್ದಾರಿ ಜಾರಿಸ್ಕೊಳ್ಳುತ್ತೆ ಅಂತ. ಆ ಅನುಮಾನ ಸುಳ್ಳಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಬೇಕು, ಆಂಬುಲೆನ್ಸ್ ಬೇಕು, ಹತ್ತು ಸಾವಿರ ಅದರ ಬದಲಿ ಅಲ್ಲ. ಹಾಗಂತ ಯಾರಾದರೂ ಅಂದ್ರೆ ಅವರ ವಿರುದ್ಧ ನಾನೇ ಮೊದಲು ಕೂಗ್ತೀನಿ. ಆದರೆ ಕಾಮ್ರೇಡ್, ಆ ಡಾಕ್ಟರ್ ಬರೋ ತನಕ ನಮ್ಮ ಹೆಣ್ಣುಮಕ್ಕಳ ನೋವು ಕಾಯಲ್ಲ. ಇನ್ನೊಂದು, ಹತ್ತು ಸಾವಿರದ ಲೆಕ್ಕ ಕೇಳೋಕೆ ಕಲಿತ ಕಾಲೋನಿ ಮಾತ್ರ ಹತ್ತು ಕೋಟಿಯ ಲೆಕ್ಕ ಕೇಳುತ್ತೆ. ನೀರಿನ ಕಾಗದ ಹಿಡಿದು ಗ್ರಾಮಸಭೆಯಲ್ಲಿ ಎದ್ದು ನಿಂತದ್ದು ನಾನಲ್ಲ. ಹೆಬ್ಬೆಟ್ಟು ಒತ್ತಿದ್ದ ನಮ್ಮವ್ವ.

ನಮ್ಮ ಬೇಡಿಕೆ ಇಷ್ಟು:

1. ಸಮಿತಿಯ ಮುಕ್ತ ನಿಧಿ ವರ್ಷಕ್ಕೆ ಕನಿಷ್ಠ ಮೂವತ್ತು ಸಾವಿರ ಆಗಬೇಕು. ಕಾಲೋನಿ, ತಾಂಡಾ, ಹಾಡಿ ಇರೋ ಊರಿಗೆ ಅವುಗಳ ಹೆಸರಲ್ಲೇ ಬೇರೆ ಪಾಲು ಇರಬೇಕು.

2. ಪರಿಶಿಷ್ಟ ಜಾತಿ-ಪಂಗಡದ ಪಂಚಾಯಿತಿ ಸದಸ್ಯೆ ಇರೋ ಊರಲ್ಲಿ ಅವರೇ ಸಮಿತಿ ಅಧ್ಯಕ್ಷೆ ಆಗಬೇಕು. "ಆದ್ಯತೆ" ಅನ್ನೋ ಪದ ತೆಗೆದು "ಕಡ್ಡಾಯ" ಅಂತ ಬರೀರಿ.

3. ಪಾಸ್‌ಬುಕ್, ಚೆಕ್ ಬುಕ್, ರಿಜಿಸ್ಟರ್ ಯಾರ ಮನೆ ಬೀರುವಿನಲ್ಲೂ ಇರಕೂಡದು. ಅಂಗನವಾಡಿಯಲ್ಲೋ ಉಪಕೇಂದ್ರದಲ್ಲೋ ಇರಬೇಕು. ವರ್ಷದ ಖರ್ಚು ಕಾಲೋನಿ ಗೋಡೆ ಮೇಲೆ ಬರೆಸಬೇಕು. ಗೋಡೆ ಬರಹಕ್ಕೆ ದುಡ್ಡು ಇದ್ದೇ ಇದೆಯಲ್ಲ.

4. ಒಂದು ಸಾವಿರದ ತನಕದ ತುರ್ತು ಖರ್ಚಿಗೆ ಸಮಿತಿಯ ನಿರ್ಣಯ ಮತ್ತು ದುಡ್ಡು ಪಡೆದವರ ಸಹಿಯೇ ವೋಚರ್ ಆಗಬೇಕು. ಆಶಾ ಅಕ್ಕಂದಿರ ಪ್ರೋತ್ಸಾಹಧನದಿಂದ ವಸೂಲಿ ಅನ್ನೋದು ಪೂರ್ತಿ ನಿಲ್ಲಬೇಕು.

5. ಸಭೆ ಒಂದು ತಿಂಗಳು ಊರಲ್ಲಾದರೆ ಇನ್ನೊಂದು ತಿಂಗಳು ಕಾಲೋನಿಯಲ್ಲಿ.

6. ದಾನಿ ಸಂಸ್ಥೆಗಳಿಗೆ: ಒಂದು ಲಕ್ಷದ ಒಳಗಿನ ಅನುದಾನಕ್ಕೆ ಕನ್ನಡದಲ್ಲಿ ಒಂದು ಪುಟದ ಅರ್ಜಿ, ಸಂಘದ ಬ್ಯಾಂಕ್ ಖಾತೆ, ಊರಿಗೆ ಬಂದು ಮಾತಾಡೋ ಸೌಜನ್ಯ ಸಾಕು. ಕಾನೂನು ಅಡ್ಡ ಬಂದ್ರೆ ಆ ಕಾನೂನಿನ ವಿರುದ್ಧ ನಮ್ಮ ಜೊತೆ ನಿಲ್ಲಿ, ಅದರ ಹಿಂದೆ ಬಚ್ಚಿಟ್ಟುಕೊಳ್ಳಬೇಡಿ.

ಬೇಡಿಕೆ ಅವರಿಗೆ. ಕೆಲಸ ನಮಗೆ.

ಈ ವಾರ ನಿಮ್ಮೂರಿಗೆ ಹೋಗಿ, ಆಗದಿದ್ದರೆ ಫೋನ್ ಮಾಡಿ. ನಿಮ್ಮ ಆಶಾ ಅಕ್ಕನನ್ನು ನಾಲ್ಕು ಪ್ರಶ್ನೆ ಕೇಳಿ. ಸಮಿತಿ ಅಧ್ಯಕ್ಷರು ಯಾರು? ಪಾಸ್‌ಬುಕ್ ಎಲ್ಲಿದೆ? ಕೊನೆಯ ಸಭೆ ಎಲ್ಲಿ ಕೂತು ಮಾಡಿದಿರಿ? ಹೋದ ವರ್ಷ ಯಾವುದಕ್ಕೆ ಖರ್ಚಾಯ್ತು? ಕೇಳುವಾಗ ಅಧಿಕಾರಿ ಥರ ಕೇಳಬೇಡಿ, ಅವಳು ಈಗಾಗಲೇ ಹತ್ತು ಜನಕ್ಕೆ ಉತ್ತರ ಹೇಳಿ ಸೋತಿರ್ತಾಳೆ. ತಮ್ಮನ ಥರ, ತಂಗಿ ಥರ ಕೇಳಿ. ಉತ್ತರ ಸಿಗದಿದ್ದರೆ ಅವಳ ಮೇಲೆ ಬೀಳಬೇಡಿ, ಆರ್‌ಟಿಐ ಹಾಕಿ. ಹತ್ತು ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಅನ್ನೋ ನಿಯಮ ನೆನಪಿರಲಿ, ಇಲ್ಲಾಂದ್ರೆ ಅದೇ ನೆಪದಲ್ಲಿ ವಾಪಸ್ ಕಳಿಸ್ತಾರೆ. ಉತ್ತರ ಬಂದ ಮೇಲೆ ಕಾಲೋನಿಯಲ್ಲಿ ಎಲ್ಲರನ್ನೂ ಕೂರಿಸಿ ಜೋರಾಗಿ ಓದಿ. ಹೆಂಗಸರು ಮುಂದೆ ಕೂರಲಿ.

ಅಕ್ಕ ಹೋದ ತಿಂಗಳು ಫೋನ್ ಮಾಡಿದ್ದಳು. ಡಬ್ಬಿ ಮತ್ತೆ ಶುರು ಮಾಡಿದ್ದಾಳೆ. ಈ ಸಲ ಸಮಿತಿ ದುಡ್ಡಲ್ಲ, ಕಾಲೋನಿಯ ಪ್ರತಿ ಮನೆಯಿಂದ ತಿಂಗಳಿಗೆ 20 ರೂಪಾಯಿ. "ಆಡಿಟ್ ಬಂದ್ರೂ ನಮ್ ದುಡ್ಡಿಗೆ ಯಾರು ಬಿಲ್ ಕೇಳ್ತಾರೆ ಕಣೋ" ಅಂದು ನಕ್ಕಳು. ನನಗೆ ನಗು ಬರಲಿಲ್ಲ. ಸರ್ಕಾರ ಕೊಡಬೇಕಾದ ದುಡ್ಡು ಬ್ಯಾಂಕಿನಲ್ಲಿ ಫಿನಾಯಿಲಿಗೆ ಕಾಯ್ತಿದೆ. ಕೂಲಿ ಮಾಡೋ ಮನೆಗಳು 20 ರೂಪಾಯಿ ಎತ್ತಿಡ್ತಿವೆ. ಆ 20 ರೂಪಾಯಿ ನಮ್ಮ ಜನರ ಸ್ವಾಭಿಮಾನ ಅಂತ ಯಾರೂ ಕಾಮೆಂಟಿನಲ್ಲಿ ಕವಿತೆ ಬರೆಯಬೇಡಿ. ಅದು ನಮ್ಮಿಂದ ಎರಡನೇ ಸಲ ವಸೂಲಿ ಆಗ್ತಿರೋ ತೆರಿಗೆ.

ಕಾಮೆಂಟಿನಲ್ಲಿ ನಿಮ್ಮೂರಿನ ನಾಲ್ಕು ಉತ್ತರ ಹಾಕಿ. ಅಕ್ಕಂದಿರ ಹೆಸರು ಹಾಕಬೇಡಿ. ಸಮಿತಿ ಇಲ್ಲ ಅಂದ್ರೆ ಇಲ್ಲ ಅಂತ ಬರೀರಿ, ಅದೂ ಉತ್ತರವೇ.

ಜೈ ಭೀಮ್.